ಮಾಸ್ತರರು ಮುಚ್ಚಿಟ್ಟ ಮಾತು

ಗುರುಸಿದ್ದಪ್ಪ ಮಾಸ್ತರರು ಕಣ್ಣು ಮುಚ್ಚಿಕೊಂಡು ಪಾಠ ಕೇಳುತ್ತಿದ್ದರು. ನಾವು ಒಬ್ಬೊಬ್ಬರಾಗಿ ಎದ್ದು ಪುಸ್ತಕ ಓದಬೇಕು. ಅವರು ಕುರ್ಚಿಗೆ ಒರಗಿ, ಬಲಗಿವಿಯನ್ನು ತುಸು ನಮ್ಮ ಕಡೆ ತಿರುಗಿಸಿ, ನಿದ್ದೆ ಹೋದವರ ಹಾಗೆ ಕೂತಿರುತ್ತಿದ್ದರು. ನಿದ್ದೆಯೇ ಇರಬೇಕೆಂದು ನಂಬಿ ಯಾರಾದರೂ ಒಂದು ಸಾಲು ಹಾರಿಸಿದರೆ, ಹಾರಿಸಿದ ಸಾಲನ್ನು ಕಣ್ಣು ತೆರೆಯದೆ ತಾವೇ ಹೇಳುತ್ತಿದ್ದರು. ಆದರೆ ಆ ಕಿವಿ ಹೊಂಚು ಹಾಕುತ್ತಿದ್ದದ್ದು ತಪ್ಪಿದ ಸಾಲಿಗಲ್ಲ. ಬೆಳಗಾವಿಗೆ ಸೇರಿದ ವಡಗಾವಿಯ ನಮ್ಮ ಶಾಲೆಯಲ್ಲಿ ಅರ್ಧ ಮಕ್ಕಳ ಮನೆಮಾತು ಮರಾಠಿ. 'ಜೋಳ' ಎನ್ನುವಾಗ ನಮ್ಮ ನಾಲಗೆ ಜಕಾರವನ್ನು ಹಲ್ಲಿನ ಹತ್ತಿರಕ್ಕೆ ಎಳೆದು ಸಣ್ಣಗೆ ಸೀಟಿ ಹೊಡೆಸುತ್ತಿತ್ತು. ನಮಗೇ ಕೇಳಿಸದ ಆ ಸೀಟಿ ಅವರಿಗೆ ಕೇಳಿಸುತ್ತಿತ್ತು. ಕಣ್ಣು ಥಟ್ಟನೆ ತೆರೆದುಕೊಳ್ಳುತ್ತಿತ್ತು.

“ಬಾಯಿ ತೊಳಕೊಂಡ ಬಾ.”

ಅವರ ಶಿಕ್ಷೆ ಇಷ್ಟೇ. ಬೆತ್ತ ಹಿಡಿದದ್ದನ್ನು ನಾನು ಕಂಡಿಲ್ಲ. ಅಂಗಳದ ನಳದ ಹತ್ತಿರ ಹೋಗಿ, ಇಡೀ ಶಾಲೆಗೆ ಕಾಣುವಂತೆ ಮೂರು ಸಲ ಬಾಯಿ ಮುಕ್ಕಳಿಸಿ, ಒದ್ದೆ ಗಲ್ಲದಲ್ಲೇ ಬಂದು ಅದೇ ಸಾಲನ್ನು ಮತ್ತೆ ಓದಬೇಕು. ಮರಾಠಿ ಎಂದರೆ ಉಗುಳಬೇಕಾದ ಎಂಜಲು ಎಂದು ಅವರು ಬಾಯಿಬಿಟ್ಟು ಹೇಳಿದವರಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನನಗೆ ಅವರ ಮೇಲೆ ದ್ವೇಷವಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ತೀರಿಹೋದ ಗುರುಗಳ ಬಗ್ಗೆ ಬರೆಯುವಾಗ ಲೇಖನಿ ತಾನಾಗಿಯೇ ಮೆತ್ತಗಾಗುತ್ತದೆ. ನಮ್ಮದು ಖಾನಾಪುರದ ಕಡೆಯ ಮರಾಠಿ ಮನೆತನ. ಅಪ್ಪ ಬಸ್ ಕಂಡಕ್ಟರ್. ಕನ್ನಡ ಬಂದರೆ ನೌಕರಿ ಸಿಗುತ್ತದೆ ಎಂದು ಲೆಕ್ಕ ಹಾಕಿ, ಅರವತ್ತರ ದಶಕದ ನಡುವಿನಲ್ಲಿ ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದರು. ಮಾಸ್ತರರು ನನ್ನನ್ನು ವಿಮಲಾ ಎಂದು ಕರೆದದ್ದೇ ಇಲ್ಲ. ಹಾಜರಿ ಪುಸ್ತಕ ತೆರೆದಿದ್ದರೂ 'ಖಾನಾಪುರದಾಕಿ' ಎನ್ನುತ್ತಿದ್ದರು.

ಒಂದು ದಿನ ನಾನು ಊಟದ ಡಬ್ಬಿ ಮರೆತು ಶಾಲೆಗೆ ಹೋಗಿದ್ದೆ. ಆಯಿ ಅದನ್ನು ಹಿಡಿದುಕೊಂಡು ವರ್ಗದ ಬಾಗಿಲಿಗೇ ಬಂದು, ಭಾಜಿ ಚೆಲ್ಲದ ಹಾಗೆ ನೆಟ್ಟಗೆ ಇಡು ಎಂದು ಮರಾಠಿಯಲ್ಲಿ ಹೇಳಿದಳು. ನಾನು ಹೂಂ ಆಯಿ, ಇಡುತ್ತೇನೆ ಎಂದು ಮರಾಠಿಯಲ್ಲೇ ಅಂದೆ. ಅಮ್ಮನಿಗೆ ಬೇರೆ ಯಾವ ಭಾಷೆಯಲ್ಲಿ ಹೇಳುವುದು? ಬೆನ್ನ ಹಿಂದೆ ಮಾಸ್ತರರ ದನಿ ಬಂತು. ಬಾಯಿ ತೊಳಕೊಂಡ ಬಾ. ನಾನು ಡಬ್ಬಿಯನ್ನು ಆಯಿಯ ಕೈಗೇ ಮರಳಿ ಕೊಟ್ಟು, ನಳದ ಹತ್ತಿರ ಹೋಗಿ ಮೂರು ಸಲ ಮುಕ್ಕಳಿಸಿದೆ. ಆಯಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಉಣ್ಣುವ ಮೊದಲು ಹುಡುಗಿಯ ಬಾಯಿ ತೊಳೆಸುತ್ತಿದ್ದಾರೆ ಎಂದುಕೊಂಡಳು. ಸಂಜೆ ಅಪ್ಪನ ಮುಂದೆ, ಎಷ್ಟು ಸ್ವಚ್ಛತೆಯ ಮಾಸ್ತರ್, ಇಂಥವರ ಕೈಯಲ್ಲಿ ಮಗಳನ್ನು ಇಟ್ಟದ್ದು ಪುಣ್ಯ ಎಂದು ಹೇಳಿದಳು. ನಾನು ಅವಳನ್ನು ತಿದ್ದಲಿಲ್ಲ. ಆ ದಿನ ಹುಟ್ಟಿದ ಸಿಟ್ಟು ಮುಂದೆ ಹತ್ತು ವರ್ಷ ಹಾಗೇ ಉಳಿಯಿತು.

ಅವರು ಮಾಡಿದ ಇನ್ನೊಂದು ಕೆಲಸವನ್ನೂ ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ. ಏಳನೆಯ ವರ್ಗ ಮುಗಿದ ಮೇಲೆ ಅಪ್ಪ ನನ್ನನ್ನು ಶಾಲೆ ಬಿಡಿಸಿ ಖಾನಾಪುರದ ಅಜ್ಜಿಯ ಮನೆಗೆ ಕಳಿಸುವ ವಿಚಾರದಲ್ಲಿದ್ದರು. ಮಾಸ್ತರರಿಗೆ ಅದು ಹೇಗೋ ತಿಳಿಯಿತು. ಭಾನುವಾರ ಬೆಳಗ್ಗೆ ನೇರವಾಗಿ ನಮ್ಮ ಮನೆಗೆ ಬಂದು ಹೊರಸಿನ ಮೇಲೆ ಕೂತರು. ಓದಿನ ಮಹಿಮೆ, ಹೆಣ್ಣುಮಕ್ಕಳ ಭವಿಷ್ಯ ಎಂದು ಏನೂ ಹೇಳಲಿಲ್ಲ. “ನೋಡ್ರಿ, ಅರ್ಧಾ ತಿಕ್ಕಿದ ಪಾತ್ರಿ ನಾ ಬಿಟ್ಟ ಏಳಾಂವಲ್ಲ. ಈಕೀ ಕನ್ನಡ ಇನ್ನೂ ಅರ್ಧಾ ತಿಕ್ಕೇನಿ. ಸಾಲಿ ಬಿಡಸಿದ್ರ ದಿನಾ ಬಂದ ಇಲ್ಲೇ ಕುಂದರತೀನಿ” ಎಂದರು. ಅಪ್ಪ ಹೆದರಿದರು. ನಾನು ಮೆಟ್ರಿಕ್ ಮುಗಿಸಿದೆ. ಪಾತ್ರೆ ಎಂದದ್ದನ್ನು ಮಾತ್ರ ಮರೆಯಲಿಲ್ಲ.

ಮುಂದೆ ವಿಜ್ಞಾನ ಓದಿದೆ. ಪೆಟ್ಟು ಬಿದ್ದೋ ಬೇನೆ ಬಂದೋ ನಡಿಗೆ, ಕೈ, ಮಾತು ಕಳೆದುಕೊಂಡವರನ್ನು ಮತ್ತೆ ಬದುಕಿಗೆ ಹೊಂದಿಸುವ ಪುನರ್ವಸತಿ ವಿದ್ಯೆ ಆಗ ನಮ್ಮ ಕಡೆ ಹೊಸದು. ಅದರಲ್ಲಿ ಮಾತಿನ ಚಿಕಿತ್ಸೆಯ ಶಾಖೆ ಹಿಡಿದು, ದೂರದ ಊರಿನ ಕಾಲೇಜಿನಲ್ಲಿ ಪದವಿ ಮುಗಿಸಿ, ಅಲ್ಲೇ ಎಂ.ಎಸ್ಸಿ.ಗೂ ಸೇರಿದೆ. ಅದು ಎಂಬತ್ತರ ದಶಕದ ಶುರು. ಪಾರ್ಶ್ವವಾಯು ಬಡಿದು ಮಾತು ಹೋದವರಲ್ಲಿ, ಎರಡು ಭಾಷೆ ಬಲ್ಲವರಿಗೆ ಮೊದಲು ಯಾವ ಭಾಷೆ ಮರಳುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ನಮ್ಮ ಗೈಡ್ ಬಲು ಬಿಗಿಯ ಮನುಷ್ಯ. ಎರಡು ಭಾಷೆ ಬೇಕಾದರೆ ನಿಮ್ಮ ಬೆಳಗಾವಿಗಿಂತ ಒಳ್ಳೆಯ ಜಾಗ ಯಾವುದಿದೆ, ಐದು ತಿಂಗಳು ಹೋಗಿ ರೋಗಿಗಳನ್ನು ಹುಡುಕು ಎಂದು ಕಳಿಸಿದರು. ಇಲಾಖೆಯ ಟೇಪ್ ರೆಕಾರ್ಡರನ್ನು ನನ್ನ ಹೆಸರಿಗೆ ಬರೆಸಿ ಕೊಟ್ಟರು.

ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಕೋಣೆಯ ಪಕ್ಕ ಒಂದು ಮೇಜು ಕೊಟ್ಟರು. ಎರಡನೆಯ ವಾರ ಗಾಲಿಕುರ್ಚಿಯಲ್ಲಿ ಒಬ್ಬರನ್ನು ತಂದರು. ಬಲಗೈ ಮಡಿಲಲ್ಲಿ ಸತ್ತು ಬಿದ್ದಿತ್ತು, ತುಟಿ ಒಂದು ಕಡೆಗೆ ಜಗ್ಗಿತ್ತು. ಮುಖಕ್ಕಿಂತ ಮೊದಲು ಗುರುತು ಸಿಕ್ಕಿದ್ದು ನನ್ನ ಕಡೆಗೆ ತಿರುಗಿದ ಆ ಬಲಗಿವಿ. ಅವರಿಗೂ ನನ್ನ ಗುರುತು ಸಿಕ್ಕಿತು.

“ನಕೊ” ಎಂದರು.

ಬೇಡ ಎಂದು. ಮರಾಠಿಯಲ್ಲಿ.

ಹಿಂದೆ ನಿಂತಿದ್ದ ಅವರ ಹೆಂಡತಿ ನೀಲವ್ವನವರು ಸೆರಗಿನಿಂದ ಅವರ ಬಾಯಿ ಒರೆಸಿ, ನನ್ನ ಮುಂದೆ ಕೈ ಮುಗಿದರು. “ಲಕ್ವಾ ಹೊಡದಾಗಿಂದ ಏನೇನೋ ಅಂತಾರ್ರೀ ಬಾಯಾರ. ಡಾಕ್ಟರು ಮರಾಠಿ ಐತಿ ಅಂತಾರ. ನಾ ನಂಬಂಗಿಲ್ಲ. ಅವರಿಗೆ ಮರಾಠಿ ಬರಂಗೇ ಇಲ್ಲ.”

ನೀಲವ್ವ ಮುದ್ದೇಬಿಹಾಳದ ಕಡೆಯವರು. ಇಪ್ಪತ್ತೆಂಟು ವರ್ಷ ವಡಗಾವಿಯಲ್ಲಿದ್ದರೂ ಅವರ ಮರಾಠಿ ಕಾಯಿಪಲ್ಯೆ ಕೊಳ್ಳುವಷ್ಟಕ್ಕೇ ನಿಂತಿತ್ತು. ಮನೆಯೊಳಗೆ ಅದರ ಒಂದು ಶಬ್ದವೂ ಬರಕೂಡದೆಂದು ಗಂಡನ ಕಟ್ಟಪ್ಪಣೆ ಇತ್ತು. ಮಕ್ಕಳಿರಲಿಲ್ಲ. ಈಗ ಗಂಡ ನೀರು ಕೇಳಿದರೂ ಅವರಿಗೆ ತಿಳಿಯದು. ನಾನು ಬಾಜೂ ಕೂತು ಹೇಳಬೇಕು: ನೀರು ಬೇಕಂತ, ಕಾಲು ನೋಯುತ್ತಂತ, ದಿಂಬು ಸರಿಸಬೇಕಂತ. ಯಾರ ಬಾಯಿಯನ್ನು ಅವರು ತೊಳೆಸಿದ್ದರೋ ಆ ಬಾಯಿಯಿಂದಲೇ ಅವರ ಮಾತು ಹೆಂಡತಿಗೆ ಮುಟ್ಟಬೇಕಾಗಿತ್ತು. ಮೊದಲ ದಿನಗಳಲ್ಲಿ ಇದರಿಂದ ನನಗೆ ಖುಷಿಯಾಗಿತ್ತು. ಮನೆಗೆ ಹೋಗುವಾಗ ಸೈಕಲ್ ತುಳಿಯುತ್ತ ನನ್ನಷ್ಟಕ್ಕೆ ನಕ್ಕದ್ದು ನೆನಪಿದೆ.

ಅವರ ತಿಳುವಳಿಕೆ ಒಂದಿಷ್ಟೂ ಕೆಟ್ಟಿರಲಿಲ್ಲ. ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ನಾನು ಚಿತ್ರದ ಕಾರ್ಡು ಹಿಡಿಯುತ್ತಿದ್ದೆ. ಕೊಡದಿಂದ ಸುರಿಯುವ ನೀರಿನ ಚಿತ್ರ. ಅವರ ತುಟಿ 'ನೀ' ಎನ್ನಲು ಸಿದ್ಧವಾಗುತ್ತಿತ್ತು, ಕೊರಳ ನರ ಉಬ್ಬುತ್ತಿತ್ತು, ಕೊನೆಗೆ ಹೊರಗೆ ಬೀಳುತ್ತಿದ್ದದ್ದು 'ಪಾಣಿ'. ಎಣಿಸಿ ಎಂದರೆ ಏಕ, ದೋನ್, ತೀನ್ ಎಂದು ಹೊರಟು, ತಮ್ಮ ದನಿ ತಮಗೇ ಕೇಳಿಸಿ ಅಲ್ಲೇ ನಿಲ್ಲುತ್ತಿದ್ದರು. ಆಮೇಲೆ ಎಡಗೈಯಿಂದ ತಮ್ಮ ಬಾಯಿಗೇ ಹೊಡೆದುಕೊಳ್ಳುತ್ತಿದ್ದರು. ನೀಲವ್ವ ಆ ಕೈ ಹಿಡಿಯಲು ಒದ್ದಾಡುತ್ತಿದ್ದರು. ಮರಳಿ ಬಂದ ಭಾಷೆಯನ್ನೇ ಮೊದಲು ಗಟ್ಟಿ ಮಾಡಬೇಕು, ಅದರ ಮೇಲೆ ಇನ್ನೊಂದನ್ನು ಕಟ್ಟಬೇಕು ಎಂದು ನಾನು ಕಲಿತಿದ್ದೆ. ಅದನ್ನೇ ಅವರಿಗೆ ವಿವರಿಸಿದೆ. ಅವರು ತಲೆಯಾಡಿಸಿ ಬೇಡವೆಂದರು. ನಾನು ಮರಾಠಿಯಲ್ಲಿ ಕೇಳಿದರೆ ಬಾಯಿ ಬಿಗಿದು ಕೂಡುತ್ತಿದ್ದರು. ಕನ್ನಡದಲ್ಲಿ ಕೇಳಿದರೆ ಮರಾಠಿ ಬರುತ್ತಿತ್ತು. ಹೀಗೆ ಎರಡು ವಾರ ಇಬ್ಬರೂ ಹಟ ಹಿಡಿದು ಕೂತೆವು.

ಮೂರನೆಯ ವಾರ ಒಂದು ದಿನ ಅವರು ಕಾರ್ಡುಗಳನ್ನೆಲ್ಲ ನೆಲಕ್ಕೆ ಚೆಲ್ಲಿ, ನನ್ನ ಮುಖ ನೋಡಿ “ತುಝ್ಯಾ ಆಯ್ಲಾ” ಎಂದರು. ನಿಮ್ಮವ್ವನ ಎಂದು ಶುರುವಾಗುವ ನಮ್ಮ ಕಡೆಯ ಬೈಗುಳ ಅದು. ಮರಾಠಿ ಓಣಿಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವಂಥದ್ದು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ ಆಯಿ.

“ಬಾಯಿ ತೊಳಕೊಂಡ ಬರ್ರಿ ಸರ್” ಎಂದೆ.

ಸಾವಕಾಶವಾಗಿ, ಅವರದೇ ಧಾಟಿಯಲ್ಲಿ, ಎಲ್ಲೂ ತಪ್ಪದ ಕನ್ನಡದಲ್ಲಿ ಅಂದೆ. ಅವರ ಮುಖದ ಚಲಿಸುವ ಅರ್ಧ ಭಾಗವೂ ನಿಂತುಹೋಯಿತು. ನೀಲವ್ವನಿಗೆ ಇದ್ಯಾವುದೂ ತಿಳಿಯಲಿಲ್ಲ. ಇದೂ ಚಿಕಿತ್ಸೆಯೇ ಇರಬೇಕೆಂದು ಲಗುಬಗೆಯಿಂದ ಎದ್ದು ತಂಬಿಗೆಯಲ್ಲಿ ನೀರು ತಂದು, ಗಂಡನ ಗಲ್ಲದ ಕೆಳಗೆ ಬಟ್ಟಲು ಹಿಡಿದು, “ಮುಕ್ಕಳಸ್ರಿ, ಬಾಯಾರು ಹೇಳಾಕತ್ತಾರ” ಎಂದರು. ಅವರು ಮುಕ್ಕಳಿಸಿದರು. ಅರ್ಧ ನೀರು ಜೋತ ತುಟಿಯಿಂದ ಅಂಗಿಯ ಮೇಲೆ ಸುರಿಯಿತು. ಮೂರು ಸಲವೂ ಅವರು ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅಂದು ಸೈಕಲ್ ತುಳಿಯುವಾಗ ನನಗೆ ನಗು ಬರಲಿಲ್ಲ. ಹಾಗಂತ ಕ್ಷಮೆಯನ್ನೂ ಕೇಳಲಿಲ್ಲ.

ಗೈಡ್‌ಗೆ ಎಲ್ಲ ವಿವರ ಬರೆದಿದ್ದೆ, ಈ ಒಂದು ಸಂಗತಿಯ ಹೊರತು. ಅವರ ಉತ್ತರದಲ್ಲಿ ಉತ್ಸಾಹ ಕುಣಿಯುತ್ತಿತ್ತು. ಇಂಥ ರೋಗಿ ಸಿಗುವುದು ಅಪರೂಪ, ನಿನ್ನ ಪ್ರಬಂಧಕ್ಕೆ ಇವರೊಬ್ಬರೇ ಸಾಕು, ಆದರೆ ಬಾಲ್ಯದಲ್ಲಿ ಮನೆಮಾತು ಯಾವುದಿತ್ತು ಎಂಬುದಕ್ಕೆ ಸಾಕ್ಷಿ ಬೇಕು, ರಕ್ತಸಂಬಂಧಿಯ ಜೊತೆ ಸಹಜವಾಗಿ ಮಾತಾಡಿದ್ದರ ಟೇಪೂ ಬೇಕು ಎಂದು ಬರೆದಿದ್ದರು. ನೀಲವ್ವನನ್ನು ಕೇಳಿದೆ. ತಮ್ಮವರು ಹಲಸಿಯವರು, ತಂದೆ ತಾಯಿ ಒಡಹುಟ್ಟು ಎಲ್ಲರೂ ಮದುವೆಗೆ ಮೊದಲೇ ತೀರಿಕೊಂಡರಂತೆ, ಮಠದ ಸ್ವಾಮಿಗಳೇ ಮುಂದೆ ನಿಂತು ಲಗ್ನ ಮಾಡಿಸಿದರು ಎಂದರು. ಹಲಸಿ ಎಂಬ ಶಬ್ದ ಕೇಳಿ ಮಾಸ್ತರರು ಕುರ್ಚಿಯಲ್ಲಿ ಚಡಪಡಿಸಿದ್ದನ್ನು ನಾನು ಗಮನಿಸಿದೆ. ಗಮನಿಸಿದ ಮೇಲೆಯೇ ಹೋಗಬೇಕೆಂದು ಗಟ್ಟಿ ಮಾಡಿದೆ.

ಹಲಸಿ ನಮ್ಮ ಖಾನಾಪುರ ತಾಲೂಕಿನದೇ ಹಳ್ಳಿ. ಖಾನಾಪುರದಲ್ಲಿ ನನ್ನ ಮಾಮಾ ಇದ್ದರು. ಹಳ್ಳಿಹಳ್ಳಿ ತಿರುಗಿ ಬಿದಿರು ಕೊಳ್ಳುವವರು. ತಾಲೂಕಿನ ಎಲ್ಲ ಮನೆತನವೂ ಅವರಿಗೆ ಗೊತ್ತು. ಹೆಸರು ಹೇಳುತ್ತಲೇ ತೊಡೆ ತಟ್ಟಿಕೊಂಡರು. ಹಲಸಿಯ ವ್ಯಾಪಾರಸ್ಥ ವಾಣಿಗಳ ಮಗ ಗುರು ಅಲ್ಲವೇ, ಲಿಂಗವಂತರೇ ಆದರೂ ಆ ಮನೆಯಲ್ಲಿ ಕನ್ನಡ ಎಂದೂ ಇರಲಿಲ್ಲ, ನಮ್ಮ ಹಾಗೆ ಮರಾಠಿಯೇ, ತಂಗಿ ಇನ್ನೂ ಅಲ್ಲೇ ಇದ್ದಾಳೆ ಎಂದರು. ಮರಾಠಿ ಮಕ್ಕಳ ಪಾಲಿಗೆ ಹುಲಿಯಾಗಿದ್ದ ಮಾಸ್ತರನ ಮನೆಮಾತು ಮರಾಠಿಯಂತೆ ಎಂದು ಅವರಿಗೆ ನಗು ತಡೆಯಲಾಗಲಿಲ್ಲ. ನಾನೂ ಜೊತೆಗೆ ನಕ್ಕೆ. ಈ ಸುದ್ದಿ ಅವರ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಮರುದಿನ ನಂದಗಡದ ಮೇಲೆ ಹೋಗುವ ಬಸ್ಸು ಹಿಡಿದು ಹಲಸಿಗೆ ಹೋದೆ. ತಂಗಿಯ ಹೆಸರು ಕಮಳಾಬಾಯಿ. ಕೊರಳಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ನಮ್ಮ ಆಯಿಯದೇ ಮರಾಠಿ. ಬಯಲಾಟದವರ ಹಾಗೆ ಕೈ ಕುಣಿಸುತ್ತ ಮಾತಾಡುವ ಹೆಂಗಸು. ಅವರು ಹೇಳಿದ್ದು ಇದು: ಅಣ್ಣನನ್ನು ಎಂಟನೆಯ ವಯಸ್ಸಿನಲ್ಲಿ ಓದಲು ನಂದಗಡದ ಕನ್ನಡ ಶಾಲೆಗೆ ಹಾಕಿದರು. ಅಲ್ಲಿಯ ಹುಡುಗರು ಅವನ ಮಾತಿಗೆ ನಕ್ಕರು. ರಜೆಗೆ ಮನೆಗೆ ಬಂದವನು ತಾಯಿಯ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡೆನೆಂದು ಹಟ ಹಿಡಿದ. ತಾಯಿಗೆ ಕನ್ನಡ ಬಾರದು. ಅವನು ಉಪ್ಪು ಕೇಳಿದರೆ ಆಕೆ ನೀರು ತರುವಳು, ಹೊದಿಕೆ ಕೇಳಿದರೆ ರೊಟ್ಟಿ ತರುವಳು. ಏನಂತಾನೇ ಇವನು ಎಂದು ಸಣ್ಣವಳಾಗಿದ್ದ ತಂಗಿಯನ್ನು ಕೇಳುವಳು. ಇವಳಿಗೂ ಗೊತ್ತಿಲ್ಲ. ತಾಯಿ ಸತ್ತ ಮೇಲೆ ಅವನು ಊರನ್ನೇ ಬಿಟ್ಟ. ಆದರೆ ವರ್ಷಕ್ಕೊಮ್ಮೆ, ನಾಗರಪಂಚಮಿಯ ಮಾರನೆಯ ದಿನ, ಒಬ್ಬನೇ ಬಂದು ಹಳೇ ಗುಡಿಯ ಕಟ್ಟೆಯ ಮೇಲೆ ಕೂತು ತಂಗಿಗೆ ಹೇಳಿ ಕಳಿಸುತ್ತಿದ್ದ. ಮಧ್ಯಾಹ್ನದ ಬಸ್ಸಿನ ತನಕ ಇಬ್ಬರೂ ಮಾತಾಡುತ್ತಿದ್ದರು.

ಯಾವ ಭಾಷೆಯಲ್ಲಿ ಎಂದು ಕೇಳಿದೆ. ಕಮಳಾಬಾಯಿ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ನನಗೆ ಬರುವುದು ಒಂದೇ ಅಲ್ಲವೇನವ್ವ ಎಂದರು.

ಆ ವರ್ಷದ ಪಂಚಮಿಗೆ ಅಣ್ಣ ಬಂದಿರಲಿಲ್ಲ. ಕೊನೆಗೂ ಬೇಸತ್ತ ಎಂದುಕೊಂಡಿದ್ದರಂತೆ. ಲಕ್ವಾ ಎಂದು ನಾನು ಹೇಳಿದಾಗ ಕುಣಿಯುತ್ತಿದ್ದ ಕೈಗಳನ್ನು ಮಡಿಲಿಗೆ ಇಳಿಸಿದರು. ಆಮೇಲೆ, ವಹಿನಿಗೆ ನನ್ನ ವಿಷಯ ಗೊತ್ತಿದೆಯೇ ಎಂದು ಕೇಳಿದರು. ವಹಿನಿ ಎಂದರೆ ಅತ್ತಿಗೆ. ಇಲ್ಲ ಎಂದೆ. ಹಾಗಾದರೆ ಬರಲೋ ಬೇಡವೋ ಎಂದು ನನ್ನನ್ನೇ ಕೇಳಿದರು. ಓದಿದವಳು, ಆಸ್ಪತ್ರೆಯವಳು, ನೀನು ಹೇಳಿದ ಹಾಗೆ ಎಂದರು. ಅವರನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ಅವರು ಹೇಳಿದ್ದನ್ನು ಬರೆದುಕೊಂಡದ್ದೇ ಸಾಕ್ಷಿಗೆ ಸಾಕಾಗುತ್ತಿತ್ತು, ಟೇಪು ಮಾತ್ರ ಸಿಗುತ್ತಿರಲಿಲ್ಲ. ಬನ್ನಿ, ನಿಮ್ಮನ್ನು ಕಂಡರೆ ಅವರಿಗೆ ಮಾತು ಬರುತ್ತದೆ ಎಂದೆ. ಅದು ಸುಳ್ಳಂತೂ ಅಲ್ಲ.

ಅಷ್ಟರಲ್ಲಿ ಮಾಸ್ತರರನ್ನು ಮನೆಗೆ ಕಳಿಸಿದ್ದರು. ನಾನೇ ವಾರಕ್ಕೆರಡು ಸಲ ವಡಗಾವಿಯ ಅವರ ಮನೆಗೆ ಹೋಗುತ್ತಿದ್ದೆ. ಟೇಪಿಗೆ ಅಡ್ಡಿಯಾಗದಿರಲೆಂದು ಪಕ್ಕದ ಮನೆಯ ನೇಕಾರರಿಗೆ ಹೇಳಿ ಒಂದು ತಾಸು ಮಗ್ಗ ನಿಲ್ಲಿಸಿದ್ದೆ. ಆ ಓಣಿಯಲ್ಲಿ ಹಗಲು ಹೊತ್ತು ಅಂಥ ಮೌನವನ್ನು ನಾನು ಕೇಳಿದ್ದು ಅದೊಂದೇ ಸಲ. ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಗುಂಡಿ ಒತ್ತಿ, ಹೊರಗೆ ನಿಂತಿದ್ದ ಕಮಳಾಬಾಯಿಯನ್ನು ಕರೆದೆ. ನಮ್ಮ ಕಡೆಯ ಪರಿಚಯದವರು, ನೋಡಲು ಬಂದಿದ್ದಾರೆ ಎಂದು ನೀಲವ್ವನಿಗೆ ಹೇಳಿದ್ದೆ.

“ಕಮ್ಮೂ” ಎಂದರು ಮಾಸ್ತರರು.

ಆಮೇಲೆ ಮಾತು ಹರಿಯಿತು. ಎರಡು ತಿಂಗಳು ಒಂದೊಂದು ಶಬ್ದಕ್ಕೆ ತಿಣುಕಿದ ಬಾಯಿಂದ ಮೂರು ಶಬ್ದ, ನಾಲ್ಕು ಶಬ್ದ, ಇಡೀ ವಾಕ್ಯ. ದನಿ ತಗ್ಗಿಸಿ, ಬಾಗಿಲ ಕಡೆ ಕಣ್ಣು ಹೊರಳಿಸುತ್ತ, ಅವಸರವಾಗಿ ಹೇಳುತ್ತಿದ್ದರು. ನಾನು ಟಿಪ್ಪಣಿಯ ವಹಿಯಲ್ಲಿ ಶಬ್ದಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೆ. ಖುಷಿಯಿಂದ ಪುಟದ ಮೇಲೆ ಪುಟ ತಿರುವುತ್ತಿದ್ದೆ. ನೀಲವ್ವ ಒಮ್ಮೆ ಗಂಡನ ಮುಖ, ಒಮ್ಮೆ ಆ ಹೆಂಗಸಿನ ಮುಖ ನೋಡಿದರು. ಮೂಗು, ಹಣೆ ಎರಡೂ ಒಂದೇ ಅಚ್ಚು. ನನ್ನ ಕಡೆ ತಿರುಗಿದರು.

“ಏನ್ ಅನ್ನಾಕತ್ತಾರ್ರೀ ಅವ್ರು?”

ನೀರು ಕೇಳುತ್ತಿದ್ದಾರೆ ಎನ್ನಬಹುದಿತ್ತು. ಊರಿನ ಸುದ್ದಿ ಎನ್ನಬಹುದಿತ್ತು. ಮಾಸ್ತರರು ಮಾತು ನಿಲ್ಲಿಸಿ ನನ್ನನ್ನು ನೋಡಿದರು. ಆ ನೋಟದಲ್ಲಿ ದ್ವೇಷವಿರಲಿಲ್ಲ. ನಾನು ಕಂಡ ಇಷ್ಟು ವರ್ಷಗಳಲ್ಲಿ ಅದೊಂದೇ ಸಲ. ಅವರು ಬೇಡುತ್ತಿದ್ದರು.

“ನನ್ನ ಹೆಂಡತೀಗೆ ನಿನ್ನ ವಿಷಯ ಗೊತ್ತಿಲ್ಲ, ಗೊತ್ತಾಗೂದ್ರೊಳಗ ಎದ್ದ ಹೋಗು ಅಂತ ತಂಗೀಗೆ ಹೇಳಾಕತ್ತಾರ್ರೀ” ಎಂದೆ.

ಅಕ್ಷರಕ್ಕೆ ಅಕ್ಷರ ಸರಿಯಾದ ಅನುವಾದ. ರೋಗಿಯ ಮಾತನ್ನು ಒಂದಿಷ್ಟೂ ಬದಲಿಸದೆ ಮುಟ್ಟಿಸಬೇಕೆಂಬ ಪಾಠ ನಮಗಿತ್ತು. ನಾನು ಆ ಪಾಠ ಪಾಲಿಸಿದೆನೋ ಹಗೆ ತೀರಿಸಿಕೊಂಡೆನೋ ಎಂದು ನನ್ನನ್ನು ಕೇಳಿದರೆ, ಆ ಕ್ಷಣ ಎರಡೂ ಒಂದೇ ಆಗಿದ್ದವು ಎನ್ನಬೇಕಾಗುತ್ತದೆ.

ನೀಲವ್ವ ಅಳಲಿಲ್ಲ. ಎದ್ದು ನಿಂತು, ಕಮಳಾಬಾಯಿಯ ಮುಂದೆ ಹೋಗಿ, ಊಟ ಆಗಿದೆಯೇ ಎಂದು ಕನ್ನಡದಲ್ಲಿ ಕೇಳಿದರು. ಆಕೆಗೆ ತಿಳಿಯಲಿಲ್ಲ. ನೀಲವ್ವ ಕೈಯನ್ನು ಬಾಯಿಗೆ ಒಯ್ದು ತೋರಿಸಿದರು. ಆಕೆ ಇಲ್ಲವೆಂದು ತಲೆಯಾಡಿಸಿದರು. ನೀಲವ್ವ ಅಡಿಗೆ ಮನೆಯ ಹೊಸ್ತಿಲು ದಾಟುವ ಮೊದಲು ಗಂಡನ ಕಡೆ ನೋಡದೆಯೇ ಒಂದು ಮಾತು ಹೇಳಿದರು.

“ಇಪ್ಪತ್ತೆಂಟ ವರ್ಷ ಎಲ್ಲಾರೂ ಸತ್ತಾರ ಅಂದಿದ್ರಿ. ಹಬ್ಬಕ್ಕೊಮ್ಮಿ ನಾ ಅವರ ಹೆಸರಿಲೆ ಎಡಿ ಹಿಡೀತಿದ್ದೆ. ಬದುಕಿದ್ದಾಕಿಗೆ.”

ಮಾಸ್ತರರ ಎಡಗೈ ಬೀಸಿತು. ಸ್ಟೂಲು ಉರುಳಿತು, ಟೇಪ್ ರೆಕಾರ್ಡರ್ ನೆಲಕ್ಕೆ ಬಿತ್ತು. ನಾನು ಬಗ್ಗಿ ಮೊದಲು ಕ್ಯಾಸೆಟ್ ತೆಗೆದು ನೋಡಿದೆ. ನೆಟ್ಟಗಿತ್ತು. ಅವರು ಕುರ್ಚಿಯಿಂದ ಅರ್ಧ ಜಾರಿದ್ದನ್ನು ಕಂಡದ್ದು ಆಮೇಲೆ. ಅಷ್ಟರಲ್ಲಿ ಕಮಳಾಬಾಯಿ ಹಿಡಿದಿದ್ದರು.

ಅದಾದ ಮೇಲೆ ಮಾಸ್ತರರು ನನ್ನ ಮುಂದೆ ಬಾಯಿ ತೆರೆಯಲಿಲ್ಲ. ನೀಲವ್ವ ಒಂಬತ್ತು ದಿನ ಗಂಡನ ಜೊತೆ ಮಾತು ಬಿಟ್ಟರಂತೆ. ಊಟ ಮಾಡಿಸುವುದು, ಮೈ ಒರೆಸುವುದು ಎಲ್ಲ ಮೌನದಲ್ಲೇ. ಕಮಳಾಬಾಯಿಯನ್ನು ಮಾತ್ರ ಹಲಸಿಗೆ ಮರಳಲು ಬಿಡಲಿಲ್ಲ. ನಾನು ನನ್ನ ಐದು ತಿಂಗಳು ಮುಗಿಸಿ ಕಾಲೇಜಿಗೆ ಹೊರಟೆ. ಸೆಮಿನಾರಿನಲ್ಲಿ ಆ ಟೇಪನ್ನು ಹಾಕಿ, 'ಎದ್ದು ಹೋಗು' ಎಂಬಲ್ಲಿ ಕ್ರಿಯಾಪದದ ರೂಪ ಹೇಗೆ ಕೆಡದೆ ಉಳಿದಿದೆ ಎಂದು ಹಲಗೆಯ ಮೇಲೆ ಬರೆದು ವಿವರಿಸಿದೆ. ಗೈಡ್ ಬೆನ್ನು ತಟ್ಟಿದರು. ಸ್ಟೂಲು ಉರುಳಿದ ಸದ್ದಿಗೆ ಕೂತವರು ನಕ್ಕರು. ಪ್ರಥಮ ದರ್ಜೆ ಬಂತು.

ನಡುವೆ ಅಪ್ಪ ಒಂದು ಪತ್ರದಲ್ಲಿ ಬರೆದಿದ್ದರು. ಮಾಮಾ ಬೆಳಗಾವಿಯ ಪೇಟೆಯಲ್ಲಿ ಸುದ್ದಿ ಬಿತ್ತಿದ್ದರು. ಕನ್ನಡದ ಹುಲಿ ಮರಾಠಿ ಮಾತಾಡುತ್ತದಂತೆ ಎಂದು ವಡಗಾವಿಯ ತುಂಬ ಹರಡಿತ್ತು. ಮಾಸ್ತರರ ಕೈಯಲ್ಲಿ ಬಾಯಿ ತೊಳೆಸಿಕೊಂಡು ಬೆಳೆದ ಗಂಡಸರು, ಈಗ ಮಗ್ಗ ನಡೆಸುವವರು, ಹಾದಿಯಲ್ಲಿ ಹೋಗುವಾಗ ಅವರ ಕಿಟಕಿಗೆ ಬಗ್ಗಿ “ಕಾಯ್ ಮಾಸ್ತರ್, ಬರಂ ಆಹೇ ಕಾ” ಎಂದು ಕೇಳಿ ಹೋಗುತ್ತಿದ್ದರಂತೆ. ಏನು ಮಾಸ್ತರ, ಆರಾಮವೇ ಎಂದು. ನೀಲವ್ವ ಕಿಟಕಿಗೆ ಹಲಗೆ ಬಡಿಸಿದರು. ಅಪ್ಪ ಪತ್ರದ ಕೊನೆಗೆ, ನಿನ್ನ ಕಲಿಕೆಯಿಂದ ಅವರಿಗೆ ಗುಣವಾಯಿತೇ ಎಂದು ಕೇಳಿದ್ದರು.

ಎರಡು ವರ್ಷದ ಮೇಲೆ ಮಾಸ್ತರರು ತೀರಿಕೊಂಡ ಸುದ್ದಿ ಬಂತು. ನಾನು ಬೆಳಗಾವಿಗೆ ಹೋಗುವಷ್ಟರಲ್ಲಿ ತಿಂಗಳಾಗಿತ್ತು. ಹೋಗದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಆದರೂ ಹೋದೆ. ಮನೆಯ ಬಾಗಿಲು ತೆರೆದಿತ್ತು. ಒಳಗೆ ಕಮಳಾಬಾಯಿ ಅವರೆ ಸುಲಿಯುತ್ತ ಕೂತಿದ್ದು ಕಾಣಿಸಿತು. ನೀಲವ್ವ ನನ್ನನ್ನು ನೋಡಿ ಎದ್ದು ಬಂದು ಬಾಗಿಲಿಗೆ ಅಡ್ಡವಾಗಿ ನಿಂತರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

“ನಿಮ್ಮನ್ನ ಒಳಗ ಬಿಡಂಗಿಲ್ರೀ. ಅವ್ರು ಹೇಳಿ ಹೋಗ್ಯಾರ. ಅವರ ಮಾತ ಮೀರಾಕ ಬರಂಗಿಲ್ಲ. ಇಲ್ಲೇ ಕಟ್ಟೀ ಮ್ಯಾಲೆ ಕುಂದರ್ರಿ, ಚಾ ತರತೀನಿ.”

ನಾನು ಕಟ್ಟೆಯ ಮೇಲೆ ಕೂತೆ. ಬಿಸಿಲಿತ್ತು. ಪಕ್ಕದ ಮನೆಯ ಮಗ್ಗ ಬಡಿದುಕೊಳ್ಳುತ್ತಿತ್ತು. ಅವರು ಚಹಾ ತಂದು ಕೊಟ್ಟು, ತಾವು ಹೊಸ್ತಿಲ ಒಳಗೇ ನಿಂತರು. ಮಾಸ್ತರರು ಅದನ್ನು ಹೇಗೆ ಹೇಳಿದರು, ಕೈಸನ್ನೆಯಿಂದಲೋ, ಮರಾಠಿಯಲ್ಲೋ ಎಂದು ಕೇಳಿದೆ. ಇಂಥ ಹೊತ್ತಿನಲ್ಲಿ ಕೇಳಬಾರದ ಪ್ರಶ್ನೆ.

“ಕನ್ನಡದಾಗ್ರೀ” ಎಂದರು ನೀಲವ್ವ. “ಹೋದ ವರ್ಷ ದಸರಾದ ಮುಂದ. ಅಲ್ಲೀಮಟಾ ಕನ್ನಡ ಒಂದ ಶಬ್ದ ಬಂದಿದ್ದಿಲ್ಲ. ಅಂದ ಮುಂಜಾನೆದ್ದ ಕುಂತು, ನನ್ನ ಹೆಸರ ಹಿಡದ ಕರದ್ರು. ಏನಂತ ಹೋದೆ. 'ನೀಲವ್ವಾ, ಆ ಖಾನಾಪುರದಾಕೀನ ನಮ್ಮ ಮನೀ ಒಳಗ ಮತ್ತ ಬಿಡಬ್ಯಾಡ' ಅಂದ್ರು. ಒಂದ ಅಕ್ಷರ ತಪ್ಪಲಿಲ್ಲ. ಹಿಂದಿನಂಗ, ಸಾಲ್ಯಾಗ ಹೇಳತಿದ್ರಲ್ಲ, ಹಂಗ. ನಾ ಕೈ ಮುಗದೆ.”

ಆಮೇಲೆ ಏನಾದರೂ ಮಾತಾಡಿದರೇ ಎಂದೆ. ಇಲ್ಲ, ಅದೊಂದೇ ಎಂದರು.

ಬೆರಳು ಮಡಚಿ ಶಬ್ದಗಳನ್ನು ಎಣಿಸಿದೆ. ಎಂಟು. ಸಂಬೋಧನೆ, ಕರ್ಮ, ಕ್ರಿಯಾಪದ, ನಿಷೇಧ, ಎಲ್ಲವೂ ತಂತಮ್ಮ ಜಾಗದಲ್ಲಿದ್ದವು. ಪ್ರಬಂಧದಲ್ಲಿ ನಾನು ಬರೆದಿದ್ದೆ, ಈ ರೋಗಿಗೆ ಎರಡನೆಯ ಭಾಷೆ ಮರಳುವ ಸಂಭವವಿಲ್ಲ ಎಂದು. ಚಹಾ ಮುಗಿಸಿ ಕಪ್ಪನ್ನು ಕಟ್ಟೆಯ ತುದಿಗೆ ಇಟ್ಟೆ. ನೀಲವ್ವ ಹೊಸ್ತಿಲ ಒಳಗಿನಿಂದಲೇ ಕೈ ಚಾಚಿ ಅದನ್ನು ತೆಗೆದುಕೊಂಡರು. ಒಳಗಿನಿಂದ ಕಮಳಾಬಾಯಿ ಬಂದದ್ದು ಯಾರು ಎಂದು ಮರಾಠಿಯಲ್ಲಿ ಕೇಳಿದ್ದು ಕೇಳಿಸಿತು. ನೀಲವ್ವ ಮರಾಠಿಯಲ್ಲೇ, ಯಾರೋ ಆಸ್ಪತ್ರೆಯವರು ಎಂದು ಹೇಳಿ ಬಾಗಿಲು ಮುಚ್ಚಿದರು.